ತುಟಿ ತಾಗಿಸದೆ ಕುಡಿದ ಕಾವಾ

ಫಿಜಿಗೆ ಹೋಗೋಣ ಎಂದವಳು ಮಗಳು. ಯೂನಿವರ್ಸಿಟಿಯಲ್ಲಿ ಅದೇನೋ ಕೋರ್ಸು ತೆಗೆದುಕೊಂಡಿದ್ದಳು. ಆ ದ್ವೀಪದ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿರುವ ಪದ್ಧತಿಗಳನ್ನು ಕಣ್ಣಾರೆ ನೋಡಬೇಕಂತೆ. ನನಗೋ, ನಾರ್ತ್ ಯಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪದ್ಧತಿ ಪದ್ಧತಿ ಎಂದು ವರ್ಷಗಟ್ಟಲೆ ಬಾಯಿ ಬಡಿದುಕೊಂಡು ಸಾಕಾಗಿ ಹೋಗಿತ್ತು. ಲೋಟ ಕಚ್ಚಿ ಕುಡಿಯಬೇಡ ಮಾರಾಯ್ತಿ, ಎತ್ತಿ ಕುಡಿ, ಎಂಜಲು ಕೈಯಲ್ಲಿ ಪಾತ್ರೆ ಮುಟ್ಟಬೇಡ ಎಂದರೆ, ಫೋನಿನಿಂದ ತಲೆ ಎತ್ತದೆ "ವಾಟೆವರ್, ಅಮ್ಮಾ" ಎನ್ನುವಳು. ನನ್ನದು ಅಂತ ಏನಾದರೂ ಈ ಹುಡುಗಿಗೆ ದಾಟೀತೇ ಎನ್ನುವುದೊಂದೇ ನನ್ನ ಚಿಂತೆಯಾಗಿತ್ತು. ಇಲ್ಲ ಎಂದು ಕೊನೆಗೆ ಕೈಚೆಲ್ಲಿದ್ದೆ. ಈಗ ನೋಡಿದರೆ ನಮ್ಮದು ಬೇಡ, ಯಾರದೋ ಊರಿನದು ಬೇಕು! ಹೊಟ್ಟೆ ಉರಿಯಿತು. ಆದರೂ ರಜೆ ಹಾಕಿ ಹೊರಟೆ.

ಹಳ್ಳಿಯಲ್ಲಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ ಕಾವಾ ಕೊಟ್ಟರು. ಬೇರು ಕುಟ್ಟಿ ನೀರಲ್ಲಿ ಹಿಂಡಿದ, ಕೆಸರಿನ ಬಣ್ಣದ ಪಾನೀಯ. ಅತಿಥಿಗಳೆಲ್ಲ ಅದನ್ನು ಒಂದೇ ತೆಂಗಿನ ಗೆರಟೆಯಲ್ಲಿ, ಒಬ್ಬರಾದ ಮೇಲೊಬ್ಬರು ಕುಡಿಯಬೇಕು. ಮಂಡಿನೋವು, ನಿದ್ದೆಗೆಟ್ಟ ತಲೆ. ಎಂಜಲೋ ಗಿಂಜಲೋ, ಒಮ್ಮೆ ಮುಗಿದರೆ ಸಾಕು ಎಂದು ನಾನು ಕಣ್ಣುಮುಚ್ಚಿ ತುಟಿಗಿಟ್ಟು ಕುಡಿದುಬಿಟ್ಟೆ.

ಮುಂದಿನ ಸರದಿ ಮಗಳದು. ಅಯ್ಯೋ ದೇವರೇ! ಅವಳು ತಲೆ ಹಿಂದಕ್ಕೆ ವಾಲಿಸಿ, ಗೆರಟೆಯನ್ನು ಮೇಲೆತ್ತಿ, ತುಟಿಗೆ ತಾಗಿಸದೆ ಗಟಗಟ ಸುರಿದುಕೊಂಡಳು. ಅರ್ಧಕ್ಕರ್ಧ ಕುತ್ತಿಗೆಯ ಮೇಲೆ ಇಳಿಯಿತು. ಕೂತವರೆಲ್ಲ ನಕ್ಕರು.

ಗೆರಟೆ ಕೊಟ್ಟ ಹಿರಿಯರು ಖುಷಿಯಿಂದ ಇಂಗ್ಲಿಷಿನಲ್ಲಿ ಕೇಳಿದರು, "ಇದು ನಿಮ್ಮ ಪದ್ಧತಿಯೇ?"

"ಅಮ್ಮನದು," ಎಂದಳು ಮಗಳು.

"ಹಾಗಾದರೆ ನಿನ್ನದು ಯಾವುದು?"

ಅವಳು ನನ್ನ ಕಡೆ ತಿರುಗಿದಳು. ಅಮ್ಮನದು ಎಂಬ ಆ ಮಾತಿಗೇ ನನಗೆ ಅಳು ಬರುವ ಹಾಗಾಗಿತ್ತು. ಕಾವಾದಿಂದ ನಾಲಗೆಯೂ ಮರಗಟ್ಟಿತ್ತು. ಸುಮ್ಮನೆ ಕೂತೆ. ಹಿರಿಯರು ಗೆರಟೆ ತುಂಬಿಸಿ ಮುಂದಿನವರಿಗೆ ಕೊಟ್ಟರು.

ಮನೆಗೆ ಮರಳಿದ ಮೇಲೆ, ಒಗೆದ ಬಟ್ಟೆಯ ರಾಶಿ ಮಡಚಲು ಕೂತಿದ್ದೆ. ಮಗಳು ಪಕ್ಕಕ್ಕೆ ಬಂದು ಒಂದು ಟವೆಲ್ ಎತ್ತಿಕೊಂಡಳು.

"ಅಮ್ಮಾ, ಅಲ್ಲಿ ಯಾಕೆ ಸುಮ್ನಿದ್ದೆ?"

"ಮತ್ತೆಂತ ಹೇಳ್ಬೇಕಿತ್ತು? ಅಮ್ಮನದು ಅಂತ ನೀನೇ ಹೇಳಿದ್ಯಲ್ಲ!"

"ಐ ನೋ. ಬಟ್ ಐ ವಾಸ್ ವೇಟಿಂಗ್." ಟವೆಲ್ ಮಡಚುತ್ತಾ ಕನ್ನಡಕ್ಕೆ ಬಂದಳು. "ಆ ಪದ್ಧತಿ ಅವಳದ್ದೂ ಹೌದು ಅಂತ ನೀನು ಅವ್ರಿಗೆ ಹೇಳ್ತಿ ಅಂತ. ಅದಕ್ಕೇ ನಿನ್ನ ಮುಖ ನೋಡಿದ್ದು."