ಸರ್ಚ್ ಪದದ ಗೋತ್ರ

ನಮ್ಮ ಇಂಗ್ಲಿಷ್ ಮೇಷ್ಟ್ರ ಕರವಸ್ತ್ರವನ್ನು ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ಅದು ಯಾವುದೋ ಕಾಲದಲ್ಲಿ ನೀಲಿ ಚೌಕಳಿಯದಾಗಿತ್ತಂತೆ. ನಾವು ಕಾಣುವ ಹೊತ್ತಿಗೆ ನಶ್ಯ ಕುಡಿದು ಕುಡಿದು ಬತ್ತಿದ ಕೆರೆಯ ತಳದ ಬಣ್ಣಕ್ಕೆ ತಿರುಗಿತ್ತು. ಚಿಟಿಕೆ ನಶ್ಯವನ್ನು ಮೂಗಿಗೇರಿಸಿ, ಕಣ್ಣು ಮುಚ್ಚಿ, ಸೀನು ಬರುವವರೆಗೆ ಇಡೀ ತರಗತಿಯನ್ನು ಕಾಯಿಸಿ, ಆಮೇಲೆ ಅದನ್ನು ಜುಬ್ಬದ ಜೇಬಿನಿಂದ ಎಳೆಯುತ್ತಿದ್ದರು. ಅದು ಬಟ್ಟೆಯಂತೆ ಬಿಚ್ಚಿಕೊಳ್ಳುತ್ತಿರಲಿಲ್ಲ, ಹಪ್ಪಳದಂತೆ ಸೆಟೆದುಕೊಂಡು ಬರುತ್ತಿತ್ತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ನಾನು ಮುಖ ತಿರುಗಿಸಿ ಉಸಿರು ಬಿಗಿಹಿಡಿಯುತ್ತಿದ್ದೆ. ನನಗೆ ಹೇಸಿಗೆ ಬಲು ಬೇಗ ಆಗುತ್ತಿತ್ತು. ಶಾನುಭೋಗರ ಮನೆಯ ಹುಡುಗಿ. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂಬ ಮಾತುಗಳ ನಡುವೆ ಬೆಳೆದವಳು. ಯಾವುದಕ್ಕೆ ಹೇಸಬೇಕು ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಕಲಿಸಿರಲಿಲ್ಲ.

ತಾಯಲೂರಿನ ಕಡೆಯ ನಮ್ಮ ಹಳ್ಳಿಯ ಹೈಸ್ಕೂಲಿಗೆ ಮೇಷ್ಟ್ರು ದಿನಾ ಮುಳಬಾಗಿಲಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಅವರದು ಪುರೋಹಿತರ ಮನೆತನ. ಅಣ್ಣತಮ್ಮಂದಿರು ಶ್ರಾದ್ಧ, ಗೃಹಪ್ರವೇಶ ಮಾಡಿಸಿಕೊಂಡಿದ್ದರೆ ಇವರು ಮಾತ್ರ ಒಂದು ದಪ್ಪ ಇಂಗ್ಲಿಷ್ ನಿಘಂಟನ್ನು ಕೈಚೀಲದಲ್ಲಿ ಹೊತ್ತುಕೊಂಡು ತಿರುಗುತ್ತಿದ್ದರು. ಪೌರೋಹಿತ್ಯ ಬಿಟ್ಟರೂ ಅದರ ಚಾಳಿ ಬಿಟ್ಟಿರಲಿಲ್ಲ. ಹೊಸ ಪದ ಬಂದರೆ ಅರ್ಥ ಹೇಳುವ ಮೊದಲು ಅದರ ಗೋತ್ರ ಹೇಳುತ್ತಿದ್ದರು.

"ಹೆಣ್ಣು ತರೋಕೆ ಮುಂಚೆ ಗೋತ್ರ ಕೇಳ್ತೀರಿ, ಪದ ತರೋಕೆ ಮುಂಚೆ ಕೇಳಲ್ವೇನ್ಲಾ?" ಎಂದು ಹುಡುಗರನ್ನು ಗದರುತ್ತಿದ್ದರು. ಬುದ್ಧಿ ಎಲ್ಲೋ ಇಟ್ಟು ಕೂತ ಹುಡುಗಿಯರಿಗೆ ತೆಲುಗು. "ಏಮ್ಮಾ, ಎಕ್ಕಡುಂದಿ ನೀ ಬುದ್ಧಿ?"

ಹುಡುಕುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆ ಎಂದು ಅವರು ಒಂದು ವಾರ ಪಾಠ ಮಾಡಿದ್ದರು. ಸಿಲಬಸ್ಸಿನಲ್ಲಿ ಇದ್ದದ್ದು ಒಂದೇ ಸಾಲು. ಸರ್ಚ್ ಎಂಬ ಪದದ ತವರು ಲ್ಯಾಟಿನ್, ಬೆಳೆದದ್ದು ಫ್ರೆಂಚ್ ಮನೆಯಲ್ಲಿ, ಇಂಗ್ಲಿಷಿಗೆ ಸೊಸೆಯಾಗಿ ಬಂದದ್ದು. ಸರ್ಕಲ್, ಸರ್ಕಸ್ ಎಲ್ಲ ಅದರ ದಾಯಾದಿಗಳು. ಹಾಗಾಗಿ ಅದರ ಮೂಲದ ಅರ್ಥ ಸುತ್ತು ಬರುವುದು. ಸೀಕ್ ಎಂಬುದು ಇಂಗ್ಲಿಷಿನ ಮನೆಮಗಳು. ಅದರ ಹಳೆಯ ಬೇರಿನಲ್ಲಿ ನಾಯಿ ವಾಸನೆ ಹಿಡಿದು ಜಾಡು ಅರಸಿ ಹೋಗುವುದಿದೆ. "ನೋಡಿ, ಎರಡರಲ್ಲೂ ಕಾಲಿಗೆ ಕೆಲಸ. ಕೈಗೆ ಕೆಲಸ ಆಮೇಲೆ" ಎನ್ನುತ್ತಿದ್ದರು. ಇದನ್ನು ಪಾಲಿಸುತ್ತಲೂ ಇದ್ದರು. ಕನ್ನಡಕ ಕಾಣದಿದ್ದರೆ ಮೇಜಿನ ಮೇಲೆ ಏನನ್ನೂ ಮುಟ್ಟದೆ, ಕೈ ಬೆನ್ನಿಗೆ ಕಟ್ಟಿಕೊಂಡು ಮೇಜನ್ನು ಸುತ್ತುತ್ತಿದ್ದರು. ಎಷ್ಟೋ ಸಲ ಕನ್ನಡಕ ಹಣೆಯ ಮೇಲೇ ಇರುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎಂದು ನಾವು ಮುಸಿಮುಸಿ ನಗುತ್ತಿದ್ದೆವು.

ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಹೊಲಿಗೆ ಟೀಚರ ಕಿವಿಯ ಓಲೆ ಕಳೆಯಿತು. ಅವರು ಅತ್ತರು. ಹೆಡ್ಮಾಸ್ಟರು ಬಂದು ಬಾಗಿಲು ಹಾಕಿಸಿದರು. ಹುಡುಗರನ್ನು ಹೊರಗೆ ಕಳಿಸಿ, ಹುಡುಗಿಯರ ಚೀಲಗಳನ್ನು ನೋಡಲು ಕ್ಲಾಸ್ ಲೀಡರಾಗಿದ್ದ ನನಗೆ ಹೇಳಿದರು. ನನಗೆ ಹೆಮ್ಮೆಯಾಯಿತು. ಈಗ ಇದನ್ನು ಬರೆಯುವಾಗ ಬಾಯಿ ಕಹಿಯಾಗುತ್ತಿದೆ, ಆದರೆ ಆವತ್ತು ಆದದ್ದು ಹೆಮ್ಮೆಯೇ.

ಮೊದಲ ಎರಡು ಬೆಂಚಿನವರ ಚೀಲಗಳ ಬಾಯಿಯನ್ನಷ್ಟೇ ತೆರೆದು ನೋಡಿ ಮುಂದೆ ಹೋದೆ. ಅವರೆಲ್ಲ ನಮ್ಮ ಬೀದಿಯವರು. ಮೂರನೆಯ ಬೆಂಚಿನಲ್ಲಿ ಕೆರೆಯಾಚೆಯ ಕಾಲೋನಿಯ ಹುಡುಗಿ ಕೂತಿದ್ದಳು. "ಅವಳದ್ದು ಸರಿಯಾಗಿ ನೋಡು" ಎಂದರು ಹೆಡ್ಮಾಸ್ಟರು. ಅವಳ ಚೀಲವನ್ನು ಸುರಿದೆ. ಜಡೆ ಬಿಚ್ಚಿಸಿ ಕೂದಲಲ್ಲಿ ಬೆರಳಾಡಿಸಿದೆ. ಚೀಲದ ತಳದಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಹಳೆಯ ಸೀರೆಯ ತುಂಡುಗಳು, ಒಗೆದು ಮಡಿಸಿಟ್ಟವು. ಅವು ಯಾತಕ್ಕೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಚೀಲದಲ್ಲೂ ಅಂಥವೇ ಇದ್ದವು. ಆದರೂ ಒಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿ, ಮೂಗು ಮುರಿದು, ಎಲ್ಲರಿಗೂ ಕಾಣುವಂತೆ ಹಿಡಿದೆ. ಹುಡುಗಿಯರು ಕಿಸಕ್ಕೆಂದು ನಕ್ಕರು. ಆ ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು.

ಮೇಷ್ಟ್ರು ಯಾವಾಗ ಬಾಗಿಲು ತಳ್ಳಿಕೊಂಡು ಬಂದರೋ ಕಾಣೆ. ನೇರ ನನ್ನ ಮುಂದೆ ಬಂದು ನಿಂತು, ಜೇಬಿನಿಂದ ಆ ಕರವಸ್ತ್ರ ತೆಗೆದು ನನ್ನ ಇನ್ನೊಂದು ಕೈಯ ಮೇಲೆ ಇಟ್ಟರು.

"ಇದನ್ನೂ ಎತ್ತಿ ಹಿಡೀಮ್ಮಾ. ಬೆಳಗ್ಗಿಂದ ಮೂಗು ಒರೆಸಿದೀನಿ. ಅದಕ್ಕಿಂತ ಇದೇ ಗಲೀಜು."

ಆ ತೇವ ಅಂಗೈಗೆ ತಗುಲಿದ್ದು ಇವತ್ತಿಗೂ ಒರೆಸಿ ಹೋಗಿಲ್ಲ.

ಆಮೇಲೆ ಅವರು ತಮ್ಮ ಕೈಚೀಲವನ್ನು ಮೇಜಿನ ಮೇಲೆ ಸುರಿದರು. ನಿಘಂಟು, ನಶ್ಯದ ಡಬ್ಬಿ, ಮೊಸರನ್ನ ಮೆತ್ತಿಕೊಂಡ ಬುತ್ತಿ, ಒಂದು ರಾಶಿ ಬಸ್ ಟಿಕೆಟ್ಟು, ತೊಗಟೆ ಕಪ್ಪಾದ ಬಾಳೆಹಣ್ಣು. ಹೆಡ್ಮಾಸ್ಟರಿಗೆ ಹೇಳಿದರು: "ರ‍್ಯಾನ್‌ಸ್ಯಾಕ್ ಅಂತ ಒಂದು ಪದ ಇದೆ ಸಾರ್. ಈಗ ಲೂಟಿ ಅಂತ ಅರ್ಥ. ಹಿಂದೆ ಉತ್ತರದ ಚಳಿ ದೇಶದಲ್ಲಿ ಅದು ಕಾನೂನಿನ ಮಾತು. ಕಳವಾದ ಸಾಮಾನಿಗೆ ಮನೆ ಶೋಧಿಸೋದು. ಶೋಧಿಸೋಕೆ ಹೋಗೋನು ಬರೀ ಅಂಗೀಲಿ, ಸೊಂಟದ ಪಟ್ಟಿ ಸಡಿಲ ಮಾಡ್ಕೊಂಡು ಒಳಗೆ ಹೋಗ್ಬೇಕಿತ್ತಂತೆ. ತಾನೇ ಏನಾದ್ರೂ ತಂದು ಇಡಬಾರ್ದಲ್ಲ! ಹುಡುಕೋರು ಮೊದಲು ತಮ್ಮ ಚೀಲ ಸುರೀಬೇಕು. ನಂದು ಸುರಿದೀನಿ. ಈ ಅಮ್ಮಂದು ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. "ಅವ್ಳು ಶಾನುಭೋಗ್ರ ಮಗಳು ಕಣ್ರೀ" ಎಂದರು ಹೆಡ್ಮಾಸ್ಟರು.

ಮೇಷ್ಟ್ರು ವಾದ ಮಾಡಲಿಲ್ಲ. ಹೊಲಿಗೆ ಟೀಚರನ್ನು ಕರೆದುಕೊಂಡು ಸುತ್ತು ಹೊರಟರು. ಬೆಳಗ್ಗೆ ಎಲ್ಲಿ ನಿಂತಿರಿ, ಎಲ್ಲಿ ಮುಖ ತೊಳೆದಿರಿ, ತಲೆ ಎಲ್ಲಿ ಬಾಚಿದಿರಿ ಎಂದು ಕೇಳುತ್ತಾ ಬೋರ್‌ವೆಲ್ಲಿನ ಹತ್ತಿರ, ಬೇವಿನ ಮರದ ಹತ್ತಿರ, ಹೊಲಿಗೆ ಕೋಣೆಯಲ್ಲಿ ನಿಧಾನ ನಡೆದರು. ನಾವೆಲ್ಲ ಹಿಂದೆ. ಹೊಲಿಗೆ ಕೋಣೆಯಲ್ಲಿ ಟೀಚರು ಕಸೂತಿ ಬಟ್ಟೆಗಳನ್ನು ಬಗ್ಗಿ ಗಂಟು ಕಟ್ಟಿದ್ದರು. ಗಂಟನ್ನು ತರಗತಿಗೆ ತಂದವಳು ನಾನು. ಅದರಿಂದ ನನ್ನ ಕಸೂತಿ ಬಟ್ಟೆಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಿದ್ದೆ. ಸುತ್ತು ಮುಗಿದದ್ದು ನನ್ನ ಬೆಂಚಿನ ಮುಂದೆ. ಓಲೆ ನಾನು ಹೊಲಿಯುತ್ತಿದ್ದ ಟೇಬಲ್ ಬಟ್ಟೆಯ ಕೆಂಪು ದಾರಕ್ಕೆ ಸಿಕ್ಕಿಕೊಂಡಿತ್ತು.

ನನ್ನನ್ನು ಯಾರೂ ಕಳ್ಳಿ ಎನ್ನಲಿಲ್ಲ. ಅದೇ ಎಲ್ಲಕ್ಕಿಂತ ಅಸಹ್ಯ. "ಪಾಪ, ಮಗೂಗೆ ಗೊತ್ತೇ ಆಗಿಲ್ಲ" ಎಂದು ಹೊಲಿಗೆ ಟೀಚರು ನನ್ನ ಕೆನ್ನೆ ಸವರಿದರು. ಅದೇ ಓಲೆ ಮೂರನೆಯ ಬೆಂಚಿನ ಚೀಲದಲ್ಲಿ ಸಿಕ್ಕಿದ್ದರೆ ಯಾವ ದಾರಕ್ಕೆ ಸಿಕ್ಕಿದೆ ಎಂದು ಯಾರಾದರೂ ನೋಡುತ್ತಿದ್ದರೇ? ಆ ಹುಡುಗಿ ತನ್ನ ಬಟ್ಟೆಯ ತುಂಡುಗಳನ್ನು ಮಡಿಸಿ, ಚೀಲಕ್ಕೆ ಹಾಕಿ, ಬಿಚ್ಚಿದ ಕೂದಲಲ್ಲೇ ಎದ್ದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪಬ್ಲಿಕ್ ಪರೀಕ್ಷೆಗೆ ಎರಡೇ ತಿಂಗಳಿತ್ತು.

ಮೇಷ್ಟ್ರು ನನ್ನನ್ನು ಕರೆದರು. "ಹೋಗಿ ಹುಡುಕ್ಕೊಂಡು ಬಾಮ್ಮಾ. ನೀನೇ ಹೋಗ್ಬೇಕು" ಎಂದರು.

ಸಂಜೆ ಹೊರಟೆ. ಕೆರೆಯ ಕಟ್ಟೆಯವರೆಗೆ ಹೋದೆ. ಅಲ್ಲಿಂದ ಕಾಲೋನಿಯ ಮನೆಗಳು ಕಾಣುತ್ತಿದ್ದವು. ಕಾಲು ಮುಂದೆ ಬರಲಿಲ್ಲ. ಹೊಂಗೆ ಮರದ ಕೆಳಗೆ ಒಂದಷ್ಟು ಹೊತ್ತು ಕೂತು ವಾಪಸಾದೆ. "ಮನೇಲಿ ಯಾರೂ ಇರ್ಲಿಲ್ಲ ಸಾರ್" ಎಂದೆ. "ನಾಳೆ ಹೋಗು" ಎಂದರು. ಐದು ದಿನ ಹೀಗೇ. ಐದು ದಿನವೂ ಅದೇ ಮರ, ಅದೇ ಸುಳ್ಳು. ಆರನೆಯ ದಿನ ಅವರು ಕೇಳಲಿಲ್ಲ. ನಶ್ಯ ಏರಿಸಿ, ನನ್ನ ಕಾಲನ್ನು ನೋಡಿ, ಪಾಠ ಶುರು ಮಾಡಿದರು. ಆ ಹುಡುಗಿ ಪರೀಕ್ಷೆಗೆ ಬರಲಿಲ್ಲ. ನಾನು ಶಾಲೆಗೇ ಮೊದಲಿಗಳಾದೆ. ಥೂ!

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಮೇಷ್ಟ್ರು ಹಚ್ಚಿದ ಇಂಗ್ಲಿಷಿನ ಗೀಳಿನಿಂದಲೇ ನಾನು ಕೋಲಾರದಲ್ಲಿ ಇಂಗ್ಲಿಷ್ ಲೆಕ್ಚರರ್ ಆದೆ. ವರ್ಷಕ್ಕೊಂದು ಸಲ ಮುಳಬಾಗಿಲಿಗೆ ಹೋಗಿ ಅವರನ್ನು ನೋಡುತ್ತಿದ್ದೆ. ಹೋದ ಕೂಡಲೇ, ಕುಡಿಯಲು ನೀರು ಕೊಡುವುದಕ್ಕೂ ಮುಂಚೆ, ಒಂದೇ ಪ್ರಶ್ನೆ.

"ಸಿಕ್ಕಿದ್ಲಾ?"

"ಹುಡುಕ್ತಾ ಇದೀನಿ ಸಾರ್."

ಪ್ರತಿವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಒಂದು ವರ್ಷ ನಾನು ಜಾಣತನ ಮಾಡಿದೆ. ಫೋನಿನಲ್ಲಿ ಅವಳ ಹೆಸರು ಒತ್ತಿದ್ದೆ. ಅದೇ ಹೆಸರಿನ ನೂರು ಮುಖಗಳು ಬಂದಿದ್ದವು, ಹತ್ತು ನೋಡುವಷ್ಟರಲ್ಲಿ ಸಾಕಾಗಿತ್ತು. "ಸರ್ಚ್ ಮಾಡ್ದೆ ಸಾರ್, ಸಿಗ್ಲಿಲ್ಲ" ಎಂದೆ.

"ಕುರ್ಚಿಯಿಂದ ಎದ್ದಿದ್ದೇನಮ್ಮಾ?"

"ಇಲ್ಲ."

"ಹಂಗಾದ್ರೆ ಅದಕ್ಕೆ ಬೇರೆ ಪದ ನೋಡ್ಕೋ. ಸರ್ಚ್ ಅನ್ಬೇಡ." ಇಷ್ಟು ಹೇಳಿ ಸೀನಿ, ಆ ಕರವಸ್ತ್ರದ ಮೊಮ್ಮಗನಂಥ ಇನ್ನೊಂದನ್ನು ಹೊರತೆಗೆದರು.

ಈಗ ಪ್ರವೇಶ ಪರೀಕ್ಷೆಗಳ ದಿನ ನನಗೆ ಬಾಗಿಲಲ್ಲಿ ನಿಂತು ಹುಡುಗಿಯರನ್ನು ತಪಾಸಣೆ ಮಾಡುವ ಡ್ಯೂಟಿ ಬೀಳುತ್ತದೆ. ಮಾಲೂರು, ಶ್ರೀನಿವಾಸಪುರದ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದ ಹುಡುಗಿಯರು ಓಲೆ ಬಿಚ್ಚಿ, ಜಡೆ ಬಿಚ್ಚಿ, ತೋಳೆತ್ತಿ ಸಾಲಾಗಿ ನಿಲ್ಲುತ್ತಾರೆ. ನನ್ನ ಕೈಗಳನ್ನು ನೋಡಿ ನನಗೇ ಅಸಹ್ಯ. ಮೊದಲು ನನ್ನ ಚೀಲವನ್ನು ಅವರೆದುರು ಮೇಜಿನ ಮೇಲೆ ಸುರಿಯುತ್ತೇನೆ. ಜೊತೆಯವರು ನಗುತ್ತಾರೆ. ಹುಡುಗಿಯರೂ ನಗುತ್ತಾರೆ. ಅದನ್ನೊಂದು ದೊಡ್ಡ ಪ್ರಾಯಶ್ಚಿತ್ತ ಎಂದುಕೊಂಡು ನಾನು ಬೀಗುತ್ತಿದ್ದೆ. ಕೋಲಾರದಲ್ಲಿ ಚೀಲ ಸುರಿಯುವುದು ಸುಲಭ. ಕೆರೆ ದಾಟುವುದೇ ಕಷ್ಟ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಹೋದೆ. ಪಂಕ್ತಿಯಲ್ಲಿ ಕೂತಿದ್ದಾಗ ಮೇಷ್ಟ್ರ ಮಗ ಒಬ್ಬ ಹೆಂಗಸನ್ನು ಕರೆತಂದು, "ಅಪ್ಪ ಹೇಳಿದ್ರು, ಇಬ್ರೂ ಬಂದ್ರೆ ಪಕ್ಕಪಕ್ಕ ಕೂರ್ಸು ಅಂತ" ಎಂದು ನನ್ನ ಪಕ್ಕದ ಎಲೆಗೆ ಕೂರಿಸಿದ. ಅವಳು ನನ್ನ ಮುಖ ನೋಡುವ ಮೊದಲು ಕೈ ನೋಡಿದಳು. ಆ ನೋಟದಿಂದ ಗುರುತು ಸಿಕ್ಕಿತು.

ನಂಗಲಿಯ ಕಡೆ ಸ್ಕೂಟಿಯಲ್ಲಿ ಹಳ್ಳಿಹಳ್ಳಿಗೆ ಟಪಾಲು ಹಂಚುವ ಕೆಲಸವಂತೆ. ನಾನು ಕೇಳದೆಯೇ, ಅನ್ನ ಕಲೆಸುತ್ತಾ ಹೇಳಿದಳು.

"ನೀನು ಬರೋದು ನಿಲ್ಸಿದ ಭಾನುವಾರಾನೇ ಸಾರ್ ನಮ್ಮನೆಗೆ ಬಂದ್ರು. ನಮ್ಮವ್ವ ಚಾಪೆ ಹಾಸಿದ್ಲು. ಕೂತ್ಕೊಂಡು ನೀರು ಇಸ್ಕೊಂಡು ಕುಡಿದ್ರು. ಪ್ರತೀ ಭಾನುವಾರ ಬಂದು ಪಾಠ ಹೇಳ್ಕೊಟ್ರು. ಮುಂದಿನ ವರ್ಷ ಪ್ರೈವೇಟಾಗಿ ಕಟ್ಟಿ ಪಾಸಾದೆ."

"ನನಗೆ ಹೇಳ್ಲೇ ಇಲ್ಲ" ಎಂದೆ. "ವರ್ಷಾ ವರ್ಷಾ ಸಿಕ್ಕಿದ್ಲಾ ಅಂತ ನನ್ನೇ ಕೇಳ್ತಿದ್ರು."

"ನನ್ನೂ ಕೇಳ್ತಿದ್ರು. ಬಂದ್ಲಾ ಅಂತ. ಇಲ್ಲ ಸಾರ್ ಅಂದ್ರೆ, ಬರ್ತಾಳೆ, ಅವಳ ಸುತ್ತು ದೊಡ್ಡದು ಅನ್ನೋರು."

ಅವಳು ದನಿ ತಗ್ಗಿಸಿದಳು.

"ಆ ಹೊಂಗೆ ಮರ ನಮ್ಮ ಬಾಗ್ಲಿಂದ ಕಾಣ್ತಿತ್ತು ಕಣೇ. ಐದು ದಿನಾನೂ ನೋಡ್ದೆ. ಇವತ್ತಾದ್ರೂ ಎದ್ದು ಈ ಕಡೆ ಬರ್ತೀಯ ಅಂತ ಬಾಗ್ಲಲ್ಲೇ ನಿಂತಿರ್ತಿದ್ದೆ."

ನಾನು ಅತ್ತೆ. ಎಲೆಯ ಮುಂದೆ, ಮೂಗು ಸೋರುವಂತೆ, ಅಸಹ್ಯವಾಗಿ ಅತ್ತೆ. ಅವಳು ಎಡಗೈಯಲ್ಲಿ ಚೀಲ ತೆರೆದು ಒಂದು ಬಿಳಿಯ ಕರವಸ್ತ್ರ ಕೊಟ್ಟಳು. "ಒರೆಸ್ಕೋ, ಎಲ್ಲಾರೂ ನೋಡ್ತಾವ್ರೆ" ಎಂದಳು. ಒರೆಸಿಕೊಂಡೆ. ಒಗೆದು ಕೊಡುತ್ತೇನೆ ಎಂದು ನಾನು ಹೇಳುವಷ್ಟರಲ್ಲಿ ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೂಗು ಮುರಿಯದೆ, ನಾಲ್ಕು ಮಡಿಕೆ ಮಾಡಿ ತನ್ನ ಚೀಲದೊಳಗೆ ಇಟ್ಟುಕೊಂಡಳು.