ಅಮೆರಿಕದ ಪದ ಕೇಳುತ್ತಿದ್ದ ಮೇಸ್ತ್ರಿ

ನಮ್ಮ ಮೇಸ್ತ್ರಿ ಗ್ರಾಮಫೋನ್ ಪ್ಲೇಟನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಎರಡು ಅಂಗೈಗಳ ನಡುವೆ ಅಂಚು ಸಿಕ್ಕಿಸಿಕೊಂಡು, ಸುಡುವ ರೊಟ್ಟಿ ಎತ್ತುವ ಹಾಗೆ ಎತ್ತುತ್ತಿದ್ದರು. ಅವರ ಬೆರಳ ತುದಿಗಳಲ್ಲಿ ಹೊಗೆಸೊಪ್ಪಿನ ಅಂಟು ವರ್ಷಗಟ್ಟಲೆ ಕೂತು ಕಪ್ಪುಗಟ್ಟಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ‘ನನ್ ಕೈ ತಾಗುದ್ರೆ ಪದ ಅಲ್ಲೇ ಅಂಟ್ಕತದೆ’ ಎನ್ನುತ್ತಿದ್ದರು.

ಹುಣಸೂರಿನ ಹೊರಗೆ ಸಾಹುಕಾರರೊಬ್ಬರ ಹೊಗೆಸೊಪ್ಪಿನ ಶೆಡ್ಡಿತ್ತು. ಬ್ಯಾರನ್ ಎಂಬ ಬೆಂಕಿಗೂಡಿನಲ್ಲಿ ಬೆಂದು ಬಂದ ಸೊಪ್ಪನ್ನು ನಲವತ್ತು ಹೆಂಗಸರು ಅಲ್ಲಿ ಕೂತು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ಅವರ ಕೆಲಸ ನೋಡಿಕೊಳ್ಳುವವರು ಮೇಸ್ತ್ರಿ. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಅಮ್ಮನಿಗೆ ಭಾರವಾಗಿದ್ದ ನಾನು ಅಲ್ಲಿ ತೂಕದ ಚೀಟಿ ಬರೆಯುತ್ತಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಜಂಬವೂ ನನಗೆ ಬೇಕಾದಷ್ಟಿತ್ತು.

ಮೇಸ್ತ್ರಿಗೆ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆದರೆ ಅವರ ಒಂಟಿತನಕ್ಕೆ ಕಾರಣ ಅದೊಂದೇ ಎಂದು ನನಗೆ ಅನಿಸುವುದಿಲ್ಲ. ಮಧ್ಯಾಹ್ನ ಹೆಂಗಸರು ಗುಂಪಾಗಿ ಕೂತು ಬುತ್ತಿ ಬಿಚ್ಚಿದಾಗ ಇವರು ಹತ್ತಿರ ಬಂದರೆ ಮಾತೆಲ್ಲ ನಿಂತುಹೋಗುತ್ತಿತ್ತು. ಸಾಹುಕಾರರ ಮನೆಗೆ ಹೋದರೆ ಜಗುಲಿಯ ಕೆಳಗೇ ನಿಲ್ಲಬೇಕು. ಇವರು ಕೂಲಿಯವರಿಗೆ ಧಣಿಯ ಕಡೆಯವರು, ಧಣಿಗೆ ಬರೀ ಕೂಲಿಯವರು. ಸೊಪ್ಪಿನ ಮೂಟೆಯ ಮೇಲೆ ಕೂತು ಒಬ್ಬರೇ ಮುದ್ದೆ ನುಂಗಿ ಏಳುತ್ತಿದ್ದರು.

ಅವರ ಜೊತೆ ಇದ್ದದ್ದು ಆ ಪ್ಲೇಟುಗಳು. ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ಹುಡುಗನೊಬ್ಬ ಅವರ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದನಂತೆ. ಅವನು ಹಾಡು ಹಾಕಿದಾಗಲೆಲ್ಲ ಇವರು ಹೊಸಲಿನ ಮೇಲೆ ಹೋಗಿ ಕೂರುತ್ತಿದ್ದರಂತೆ. ಊರಿಗೆ ಹೊರಡುವಾಗ ಅವನು ಹಾಡಿನ ಪೆಟ್ಟಿಗೆಯನ್ನೂ ಪ್ಲೇಟುಗಳನ್ನೂ ಇವರಿಗೇ ಕೊಟ್ಟು ಹೋದ. ಅವೆಲ್ಲ ಅಲ್ಲಿಯ ಹಳ್ಳಿಗರ, ದುಡಿಯುವವರ ಹಾಡುಗಳು. ನಮ್ಮ ಸಿನಿಮಾದ ಹಾಗೆ ಪಿಟೀಲು, ತಬಲಾ ಏನಿಲ್ಲ. ಒಂದು ತಂತಿವಾದ್ಯ, ಒಂದು ಒರಟು ಗಂಟಲು, ಅಷ್ಟೇ.

ಶನಿವಾರ ತೂಕ ಮುಗಿದು ಸಾಹುಕಾರರ ಜೀಪು ಬರುವವರೆಗೆ ಶೆಡ್ಡಿನ ಜಗುಲಿಯ ಮೇಲೆ ಮೇಸ್ತ್ರಿ ಪೆಟ್ಟಿಗೆ ಬಿಚ್ಚುತ್ತಿದ್ದರು. ಒಂದು ಶನಿವಾರ ಪ್ಲೇಟಿನ ಹೊದಿಕೆಯೊಳಗಿಂದ ಅಚ್ಚಾದ ಹಾಳೆ ತೆಗೆದು ನನ್ನ ಮುಂದಿಟ್ಟರು. ಹಾಡಿನ ಮಾತುಗಳೆಲ್ಲ ಅದರಲ್ಲಿದ್ದವು. ‘ವಸಿ ಓದಿ ಏಳವ್ವ. ಎರಡು ವರ್ಸದಿಂದ ಕೇಳ್ತಾವ್ನಿ, ಏನಂತಾವ್ರೆ ಅಂತ ಗೊತ್ತಿಲ್ಲ.’

ಡಿಕ್ಷನರಿ ಇಟ್ಟುಕೊಂಡು ವಾರಕ್ಕೊಂದು ಹಾಡಿನ ಅರ್ಥ ಬಿಡಿಸಿದೆ. ಒಂದರಲ್ಲಿ ರೈಲು ಹಳಿ ಹಾಸುವವನು ಊರಿನ ದಾರಿ ನೆನೆಯುತ್ತಾನೆ. ಇನ್ನೊಂದರಲ್ಲಿ ಕಲ್ಲಿದ್ದಲ ಗಣಿಗೆ ಇಳಿದವನು ಮೇಲೆ ಬರುವುದಿಲ್ಲ. ಮೇಸ್ತ್ರಿ ಬೆರಗಾಗಿಹೋದರು. ‘ಅಮೆರಿಕದಲ್ಲೂ ಕೂಲಿ ಮಾಡೋರು ಅವ್ರಾ? ಎಲ್ಲಾ ಸಾವ್ಕಾರ್ರೇ ಅನ್ಕಂಡಿದ್ದೆ ಕಣವ್ವ!’ ಗಣಿಯವನಿಗೆ ಮಕ್ಕಳೆಷ್ಟು ಎಂದು ಕೇಳಿದರು. ಹಾಡಿನಲ್ಲಿ ಹೇಳಿಲ್ಲ ಎಂದರೆ ಬೇಜಾರು ಮಾಡಿಕೊಂಡರು.

ಅವರಿಗೆ ಬಲು ಇಷ್ಟವಾದದ್ದು ಒಬ್ಬ ಹೆಂಗಸು ಹಾಡಿದ ಹಾಡು. ಅದು ಜೋಗುಳವೆಂದು ಅವರ ನಂಬಿಕೆ. ದಿನವೂ ಅದನ್ನೇ ಗುನುಗುತ್ತಿದ್ದರು, ಅದರಲ್ಲೂ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕುವಾಗ.

ಆ ಬಾಗಿಲ ವಿಷಯ ಹೇಳಬೇಕು. ಹೊಗೆಸೊಪ್ಪಿಗೆ ಹದ ಇರಬೇಕು. ಒಣಗಾಳಿ ಬಡಿದರೆ ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಊಟ ಮುಗಿದದ್ದೇ ಬಾಗಿಲು ಹಾಕಿ ಚಿಲಕ ಸೇರಿಸಿದರೆ ಮತ್ತೆ ತೆಗೆಯುವುದು ಟೀ ಹೊತ್ತಿಗೆ. ಒಳಗೆ ಘಾಟು, ಸೆಕೆ. ಹೊರಗೆ ಹೊಂಗೆ ಮರಕ್ಕೆ ಕಟ್ಟಿದ ಸೀರೆ ಜೋಲಿಗಳಲ್ಲಿ ಹೆಂಗಸರ ಕೂಸುಗಳು. ಕೂಸು ಅತ್ತರೆ ಯಾರದೆಂದು ತಾಯಿಗೆ ಗೊತ್ತಾಗುತ್ತಿತ್ತು, ಎದ್ದು ಹೋಗುವ ಹಾಗಿರಲಿಲ್ಲ.

ಆ ಹೆಂಗಸಿನ ಹಾಡನ್ನು ಓದಿದ ದಿನ ಹಾಳೆಯನ್ನು ಮಡಚಿ ಚೀಟಿ ಪುಸ್ತಕದೊಳಗೆ ಸೇರಿಸಿಬಿಟ್ಟೆ. ಮೇಸ್ತ್ರಿ ಕೇಳಿದಾಗಲೆಲ್ಲ ‘ಇನ್ನೂ ಓದಿಲ್ಲ’ ಎಂದು ಸುಳ್ಳು ಹೇಳಿದೆ. ಹೀಗೇ ಮೂರು ವಾರ ಕಳೆಯಿತು.

ಒಂದು ಮಧ್ಯಾಹ್ನ ಹೊರಗೆ ಒಂದು ಕೂಸು ಕಿಟಾರನೆ ಕಿರುಚಿತು. ಗಾವಡಗೆರೆ ಕಡೆಯಿಂದ ಬರುತ್ತಿದ್ದ ಒಬ್ಬಳು ಎದ್ದು ಬಾಗಿಲ ಹತ್ತಿರ ಓಡಿದಳು. ‘ಮೇಸ್ತ್ರೀ, ನನ್ ಕೂಸು ಕಣ್ರೀ ಅದು. ಒಂದ್ ಗಳಿಗೆ ಬಾಗ್ಲು ತಗೀರಿ.’

‘ಟೀ ಬೆಲ್ ಆಗ್ಲಿ ತಡಿ. ಗಾಳಿ ನುಗ್ಗುದ್ರೆ ಸೊಪ್ಪೆಲ್ಲ ಪುಡಿ ಆಯ್ತದೆ’ ಎಂದು ಮೇಸ್ತ್ರಿ ಮತ್ತೆ ಗುನುಗತೊಡಗಿದರು.

ನನಗೆ ಎಲ್ಲಿತ್ತೋ ಸಿಟ್ಟು, ನಲವತ್ತು ಜನರ ಮುಂದೆ ಎದ್ದು ನಿಂತೆ. ‘ಆ ಪದದ ಅರ್ಥ ಕೇಳ್ತಿದ್ರಲ್ಲ, ಈಗ ಏಳ್ತೀನಿ ಕೇಳಿ. ಅದು ಜೋಗುಳ ಅಲ್ಲ. ನೂಲಿನ ಮಿಲ್ಲಲ್ಲಿ ದುಡಿಯೋ ಎಂಗಸಿನ ಪದ. ಗಾಳಿ ಬಂದ್ರೆ ನೂಲು ಕಡ್ದೋಯ್ತದೆ ಅಂತ ಕಿಟಕಿಗೆಲ್ಲ ಮೊಳೆ ಒಡ್ದವ್ರೆ. ಆಚೆ ಅವಳ ಕೂಸು ಅಳ್ತಾ ಐತೆ. ಮೇಸ್ತ್ರಿ ಬಾಗ್ಲು ತಗೀತಿಲ್ಲ. ಆ ಮೇಸ್ತ್ರಿಗೆ ಶಾಪ ಆಕ್ತಾವ್ಳೆ ಅವಳು. ದಿನಾ ಅದ್ನೇ ಗುನುಗ್ಕಂಡು ಚಿಲಕ ಆಕ್ತೀರಲ್ಲ, ನಾಚ್ಕೆ ಆಗಕಿಲ್ವಾ?’

ಮೇಸ್ತ್ರಿ ನನ್ನನ್ನೇ ನೋಡಿದರು.

‘ಆ ಹಾಳೇಲಿ ಅಂಗೇ ಬರ್ದೈತಾ?’

‘ಐತೆ.’

‘ಯಾವತ್ತು ಓದ್ದೆ?’

‘ಮೂರು ವಾರ ಆಯ್ತು.’

‘ಮೂರು ವಾರ’ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಹೋಗಿ ಚಿಲಕ ಎಳೆದು ಎರಡೂ ಬಾಗಿಲು ತೆರೆದರು. ತಾಯಿ ಓಡಿದಳು. ಕೂಸಿನ ಕಾಲಿಗೆಲ್ಲ ಕೆಂಪಿರುವೆ ಹತ್ತಿದ್ದವು.

ಮಾರನೆಯ ದಿನದಿಂದ ಅವರು ಬಾಗಿಲು ಹಾಕಲೇ ಇಲ್ಲ. ಗೋಣಿತಾಟು ನೆನೆಸಿ ಬಾಗಿಲಿಗೆ ಇಳಿಬಿಟ್ಟು, ಬಾವಿಯಿಂದ ತಾವೇ ನೀರು ಸೇದಿ ತಂದು ಚಿಮುಕಿಸುತ್ತಿದ್ದರು. ಗಾಳಿ ಕೇಳಬೇಕಲ್ಲ. ನಾಲ್ಕನೆಯ ದಿನ ಸಾಹುಕಾರರು ಬಂದು ಪುಡಿಯಾದ ಸೊಪ್ಪಿನ ಗುಡ್ಡೆ ನೋಡಿದರು.

‘ಬಾಗಿಲು ತೆಗೆದದ್ದು ಯಾರು?’

‘ನಾನೇ ಬುದ್ದಿ. ಕೂಸುಗಳು ಅಳ್ತವೆ.’

ಸಾಹುಕಾರರು ನಕ್ಕರು. ನಾಳೆಯಿಂದ ಬರಬೇಡ ಎಂದರು. ನಲವತ್ತು ಹೆಂಗಸರು ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿದ್ದರು. ನಾನು ಚೀಟಿ ಬರೆಯುತ್ತಿದ್ದೆ. ಮೇಸ್ತ್ರಿಯ ಮುಂದೆ ಅಷ್ಟು ಉದ್ದವಿದ್ದ ನನ್ನ ನಾಲಿಗೆ ಧಣಿಯ ಮುಂದೆ ಹೊರಳಲಿಲ್ಲ. ಹೊಸ ಮೇಸ್ತ್ರಿ ಬಂದ, ಬಾಗಿಲು ಮತ್ತೆ ಮುಚ್ಚಿತು. ನಮ್ಮ ಮೇಸ್ತ್ರಿ ಬಸ್ಸು ಹತ್ತಿದ್ದನ್ನು ನೋಡಿದವರು ಯಾರೂ ಇಲ್ಲ.

ಆರೇಳು ವರ್ಷದ ಮೇಲೆ, ನಾನು ಶಾಲೆಯಲ್ಲಿ ಮೇಡಂ ಆಗಿದ್ದಾಗ, ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರ ಕಣದಲ್ಲಿ ಅವರನ್ನು ಕಂಡೆ. ಬಿಸಿಲಲ್ಲಿ ಕಾಲಿನಿಂದ ಭತ್ತ ಕೆದಕುತ್ತಿದ್ದರು. ನಾನು ಆವತ್ತು ಹಾಗೆ ಅನ್ನಬಾರದಿತ್ತು ಎಂದು ಅತ್ತೆ.

‘ಬುಡವ್ವ. ನೀನು ಏಳ್ದೇ ಇದ್ದಿದ್ರೆ ಸಾಯೋಗಂಟ ಗುನುಗ್ಕಂಡು ಚಿಲಕ ಆಕ್ತಿದ್ದೆ. ಅದು ಚೆಂದಾಗಿತ್ತಾ?’

ಪ್ಲೇಟುಗಳು ಇವೆಯೇ ಎಂದು ಕೇಳಿದೆ. ‘ಅವೆ. ಪೆಟ್ಗೆ ಕೆಟ್ಟೋಯ್ತು. ಸರಿಮಾಡ್ಸುದ್ರೂ ಕೂತು ಕೇಳೋರು ಯಾರು ಅವ್ರೆ ನಂಗೆ?’

ಅಂದದ್ದಕ್ಕೆ ಕ್ಷಮೆ ಕೇಳಿದ್ದೆ. ಧಣಿಯ ಮುಂದೆ ಸುಮ್ಮನಿದ್ದದ್ದಕ್ಕೆ ಕೇಳಲು ಧೈರ್ಯ ಬರಲಿಲ್ಲ, ಅವರೂ ಆ ಮಾತು ಎತ್ತಲಿಲ್ಲ. ಕೇಳಲೇಬೇಕೆಂದು ಯುಗಾದಿ ರಜೆಯಲ್ಲಿ ಮತ್ತೆ ಹೋದೆ. ಗಿರಣಿಯ ಗೇಟಿನವನು, ‘ಅವ್ನು ಓಗಿ ತಿಂಗಳಾಯ್ತಲ್ಲ ಮೇಡಂ. ಮಣ್ಣಿಗೂ ನಾವು ನಾಕು ಜನಾನೇ. ಅವನ ಕಡೇರು ಯಾರೂ ಇರ್ನಿಲ್ಲ’ ಎಂದ. ನನ್ನ ಮುಖವನ್ನೇ ನೋಡಿ, ‘ಅವ್ನು ನಿಮಗೆ ಏನಾಗ್ಬೇಕಿತ್ತು?’ ಎಂದು ಕೇಳಿದ.

ಸುತ್ತ ಹತ್ತಾರು ಜನ ನಿಂತಿದ್ದರು. ‘ಏನೂ ಆಗಬೇಕಿಲ್ಲ’ ಎಂದು ಹೇಳಿ ಬಂದುಬಿಟ್ಟೆ.