ಉಮೇದುವಾರರ ಮನೆಯ ರೊಟ್ಟಿ

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಮೇಲಿನ ಫ್ಲಾಟಿಗೆ ಅಮೆರಿಕದ ಪತ್ರಕರ್ತೆಯೊಬ್ಬಳು ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ನಡುವೆ. ರಾಜಕೀಯದ ಸುದ್ದಿ ಬರೆಯುವವಳು. ಪ್ರಶ್ನೆ ಕೇಳುವುದು ಅವಳ ಕಸುಬು, ನಮ್ಮ ಅಡುಗೆಮನೆಯಲ್ಲಿ ಮಾತ್ರ ಕೇಳುವವಳು ನಾನು. ರವಿವಾರ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದರೆ ಅವಳು ಸ್ಟೂಲಿನ ಮೇಲೆ ಕೂತು ಶೇಂಗಾ ಹಿಂಡಿ, ಮೊಸರು ಹಚ್ಚಿಕೊಂಡು ಬಿಸಿಬಿಸಿ ತಿನ್ನುತ್ತಿದ್ದಳು. ಧಾರವಾಡ ಬಿಟ್ಟ ಮೇಲೆ ನನಗೆ ಸಿಕ್ಕ ಒಬ್ಬಳೇ ಗೆಳತಿ ಅವಳು.

ಅವಳ ಮೊದಲ ಕೆಲಸ ಅಮೆರಿಕದ ಒಂದು ಸಣ್ಣ ಊರಿನ ಪತ್ರಿಕೆಯಲ್ಲಂತೆ, ಸತ್ತವರ ಬಗ್ಗೆ ಬರೆಯುವುದು.

"ಅವರ ಮನೆಗೆ ಫೋನ್ ಮಾಡಿ ಏನು ಕೇಳುತ್ತಿದ್ದೆ?"

"ಅವರಿಗೆ ಏನು ಇಷ್ಟವಿತ್ತು ಅಂತ. ಎಲ್ಲರೂ ಮೊದಲು ಊಟದ ವಿಷಯವನ್ನೇ ಹೇಳುತ್ತಿದ್ದರು."

ಆಮೇಲೆ ಆ ಊರಿನ ಕೌನ್ಸಿಲ್ ಸಭೆಗಳು, ಚರಂಡಿ, ಬೀದಿದೀಪದ ಜಗಳ. ಅಲ್ಲಿಂದ ರಾಜ್ಯದ ರಾಜಧಾನಿ, ವಾಷಿಂಗ್ಟನ್, ಈಗ ಲಂಡನ್. ಚರಂಡಿಯಿಂದ ವಾಷಿಂಗ್ಟನ್‌ಗೆ ಹೋದಾಗ ಏನು ಬದಲಾಯಿತು ಎಂದು ಕೇಳಿದೆ. ಕೂದಲು ನರೆಯಿತು, ಜಗಳ ಅದೇ ಎಂದಳು.

ಅಷ್ಟರಲ್ಲಿ ನಮ್ಮ ಮನೆಯವರಿಗೆ ಇಲ್ಲಿನ ಕೌನ್ಸಿಲ್ ಚುನಾವಣೆಗೆ ನಿಲ್ಲುವ ಹುಕಿ ಬಂತು. ರವಿವಾರ ಅವಳಿಗೆ ತಾವೇ ರೊಟ್ಟಿ ಬಡಿಸುತ್ತ ಸುದ್ದಿ ಹೇಳಿದರು. ಅವಳು ಅವರ ಕೈಕುಲುಕಿ, ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು. ಉಮೇದುವಾರರ ಮನೆಯಲ್ಲಿ ತಾನು ಕಾಫಿಯನ್ನೂ ಕುಡಿಯುವುದಿಲ್ಲ ಎಂದಳು.

"ನಿನ್ನ ಅಮೆರಿಕದ ಪತ್ರಿಕೆಗೆ ನಮ್ಮ ವಾರ್ಡು ಯಾಕೆ ಬೇಕು?" ಎಂದು ಕೇಳಿಯೇ ಬಿಟ್ಟೆ.

ಆ ಸಣ್ಣ ಊರಿನಲ್ಲಿ ಒಬ್ಬ ಕೌನ್ಸಿಲ್ ಸದಸ್ಯನ ಮನೆಯಲ್ಲಿ ಅವಳು ವಾರವಾರವೂ ಉಣ್ಣುತ್ತಿದ್ದಳಂತೆ. ಮುಂದೆ ಅವನ ಭೂವ್ಯವಹಾರದ ಗೋಲ್‌ಮಾಲ್ ಕೈಗೆ ಸಿಕ್ಕಿತು. ಬರೆಯಲು ಕೂತರೆ ಬಡಿಸುತ್ತಿದ್ದ ಅವನ ಹೆಂಡತಿಯ ಮುಖ ಕಣ್ಣ ಮುಂದೆ ಬರುತ್ತಿತ್ತಂತೆ. ಬರೆಯಲಾಗಲಿಲ್ಲ. ಅಂದಿನಿಂದ ಯಾವ ಊರಾದರೂ ಇದೇ ವ್ರತ.

ನಮ್ಮ ಕಡೆ ಬಡಿಸಿದ ತಟ್ಟೆ ಸರಿಸಿದರೆ ನಂಟೇ ಹರಿದ ಹಾಗೆ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಮುಂದಿನ ರವಿವಾರ ರೊಟ್ಟಿ ಫಾಯಿಲಿನಲ್ಲಿ ಸುತ್ತಿ ಅವಳ ಬಾಗಿಲಲ್ಲಿಟ್ಟು ಬಂದೆ. ಸಂಜೆ ಅದು ಬಿಚ್ಚದೆಯೇ ನಮ್ಮ ಬಾಗಿಲಿಗೆ ವಾಪಸು ಬಂದಿತ್ತು. ಇವರು ಗೆದ್ದರೆ ಕೌನ್ಸಿಲ್ ಅವಧಿ ಮುಗಿಯುವ ತನಕ, ಅಂದರೆ ನಾಲ್ಕು ವರ್ಷ, ಹೀಗೇ ಎಂದು ಲೆಕ್ಕ ಹಾಕಿದೆ.

ಚುನಾವಣೆಯ ದಿನ ಗಂಡನ ಹೆಸರಿಗೇ ಗುರುತು ಹಾಕಿದೆ. ಹಾಕಿ, ಸೋಲಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಸೋತರು. ರವಿವಾರ ಅವರು ಮುಖ ಸಪ್ಪೆ ಮಾಡಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಅವಳು ಒಳಗೆ ಬಂದು, ಸೋತದ್ದಕ್ಕೆ ಬೇಸರವಾಯಿತೆಂದು ಅವರಿಗೆ ಹೇಳಿ, ಸ್ಟೂಲು ಎಳೆದುಕೊಂಡು ರೊಟ್ಟಿಗೆ ಕೈ ಹಾಕಿದಳು. ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

"ಅಳಬ್ಯಾಡ," ಎಂದರು ನಮ್ಮ ಮನೆಯವರು, ನನ್ನ ಬೆನ್ನು ಸವರುತ್ತ. "ಮುಂದಿನ ಸಲ ಗೆದ್ದ ಗೆಲ್ತೀನಿ."